ಡ್ರೆಸಿಂಗ್ ಕೋಣೆಯಲ್ಲಿ ಸಮ್ಮೋಹನ: ಬೆಲ್ಜಿಯಂನ ಒಂದು ಶುಶ್ರೂಷಾ ಸೇವೆಯ ಬಗ್ಗೆ

ಮೊಣಕಾಲಿನ ಕೆಳಗೆ ಕೀವುಗಟ್ಟಿದ ಗಾಯವನ್ನು ಕೊಯ್ದು ತೆರೆದ ಮೇಲೆ, ಅದರೊಳಗೆ ತುಂಬಿಸಿದ್ದ ಗಾಜ್ ಪಟ್ಟಿಯನ್ನು ಬದಲಿಸಿಕೊಳ್ಳಲು ನಾನು ಬೆಲ್ಜಿಯಂನ ಫ್ರೆಂಚ್ ಭಾಷಿಕ ಪ್ರದೇಶದ ಒಂದು ಆಸ್ಪತ್ರೆಗೆ ಕೆಲವು ವಾರ ಹೋಗಬೇಕಾಯಿತು. ಅಲ್ಲಿ ತರಬೇತಿ ಪಡೆದ ದಾದಿಯರು ಡ್ರೆಸಿಂಗ್ ಮಾಡುವಾಗ, ನೋವಿನ ಮಾತ್ರೆಯ ಜೊತೆಗೆ, ಸಮ್ಮೋಹನವನ್ನೂ (ಹಿಪ್ನಾಸಿಸ್) ಬಳಸುತ್ತಾರೆ. ಅದಕ್ಕೆ ಪ್ರತ್ಯೇಕ ಶುಲ್ಕವಿಲ್ಲ, ಬೇಡವೆಂದರೆ ಒತ್ತಾಯವೂ ಇಲ್ಲ. ಬಳಸಿ ನೋಡಿದವನಾಗಿ ಹೇಳುವುದಾದರೆ, ಸೇವೆ ನಿಜಕ್ಕೂ ಉಪಯುಕ್ತ. ಆದರೆ ಅದನ್ನು ರೋಗಿಗೆ ತಲುಪಿಸುವ ವ್ಯವಸ್ಥೆ ಮಾತ್ರ ಸಡಿಲವಾಗಿದೆ.

ಗಡಿಯಾರದ ಲೋಲಕ, ಕಣ್ಣಲ್ಲಿ ಕಣ್ಣಿಟ್ಟು ನೋಡುವ ಜಾದೂಗಾರ ಇವೆಲ್ಲ ಇಲ್ಲಿಲ್ಲ. ದಾದಿ ಕುರ್ಚಿಯನ್ನು ನನ್ನ ತಲೆಯ ಬಳಿಗೆ ಎಳೆದುಕೊಂಡು, ಮನಸ್ಸಿಗೆ ಹಿತವೆನಿಸುವ ಜಾಗ ಯಾವುದೆಂದು ಕೇಳಿದರು. ಶಿರಸಿ ಕಡೆಯ ನಮ್ಮ ಅಡಿಕೆ ತೋಟವೆಂದೆ. ಅಡಿಕೆ ಮರವನ್ನು ಅವರು ಕಂಡವರಲ್ಲ. ಆದ್ದರಿಂದ ಕಾಲಡಿಯಲ್ಲಿ ಏನಿದೆ, ಬೆಳಕು ಎಲ್ಲಿಂದ ಬರುತ್ತದೆ, ಯಾವ ಸದ್ದು ಕೇಳುತ್ತದೆ ಎಂದು ಒಂದೊಂದಾಗಿ ವಿಚಾರಿಸಿದರು. ಒದ್ದೆ ಸೊಪ್ಪು, ಉದುರಿದ ಹಾಳೆ, ಕಾದಿಗೆಯ, ಅಂದರೆ ತೋಟದ ಕಾಲುವೆಯ, ತಣ್ಣನೆಯ ನೀರು, ಅದನ್ನು ದಾಟುವ ಸಂಕ ಎಂದು ವಿವರಿಸುತ್ತಿದ್ದಂತೆ ನನ್ನ ಗಮನ ಅತ್ತಲೇ ಹೋಯಿತು. ಅಂಟಿಕೊಂಡಿದ್ದ ಪಟ್ಟಿಯನ್ನು ಸಹೋದ್ಯೋಗಿ ಬಿಡಿಸತೊಡಗಿದಾಗ ಈ ದಾದಿ ‘ನೋಯುತ್ತದೆ’ ಎನ್ನಲಿಲ್ಲ. ನೀರಿನ ಸೆಳೆತ ಕಾಲಿಗೆ ತಾಗುತ್ತಿರಬಹುದು, ಹಾಗೇ ನಿಂತಿರಿ ಎಂದರು. ಎಳೆತ ನನಗೆ ತಿಳಿಯಿತು, ನೋವೂ ಇತ್ತು. ಆದರೆ ಅದರೊಂದಿಗೆ ಜಗಳಕ್ಕೆ ನಿಲ್ಲಬೇಕೆನಿಸಲಿಲ್ಲ. ಪ್ರಜ್ಞೆ ಪೂರ್ಣವಾಗಿತ್ತು, ಪಕ್ಕದ ಕೋಣೆಯ ಫೋನ್ ಗಂಟೆಯೂ ಕೇಳಿಸುತ್ತಿತ್ತು. ಸಮ್ಮೋಹನವೆಂದರೆ ನಿದ್ರೆಯಲ್ಲ, ಇನ್ನೊಬ್ಬರ ಹಿಡಿತಕ್ಕೆ ಸಿಲುಕುವುದೂ ಅಲ್ಲ. ಬೇಕೆನಿಸಿದಾಗ ಕಣ್ಣು ತೆರೆಯಬಹುದು.

ಈ ಅನುಭವಕ್ಕೆ ಹೊಂದುವ ಒಂದು ಪ್ರಯೋಗ 1997ರಲ್ಲಿ ಪ್ರಕಟವಾಗಿದೆ. ಸಂಶೋಧಕ ಪಿಯೆರ್ ರೆನ್ವಿಲ್ ಮತ್ತು ಸಂಗಡಿಗರು ಕೈಯನ್ನು ಬಿಸಿನೀರಿನಲ್ಲಿ ಇಟ್ಟುಕೊಂಡವರಿಗೆ ಸಮ್ಮೋಹನದ ಸೂಚನೆ ನೀಡಿ ಮಿದುಳಿನ ಚಿತ್ರ ತೆಗೆದರು. ನೋವಿನ ತೀವ್ರತೆ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಅದರ ಅಸಹನೀಯತೆ ಸೂಚನೆಗೆ ತಕ್ಕಂತೆ ಏರಿಳಿಯಿತು, ಮಿದುಳಿನ ಆಂಟೀರಿಯರ್ ಸಿಂಗ್ಯುಲೇಟ್ ಭಾಗದ ಚಟುವಟಿಕೆಯೂ ಅದರೊಡನೆ ಬದಲಾಯಿತು. ಬೆಲ್ಜಿಯಂನಲ್ಲಿ ಈ ಪದ್ಧತಿ ಬೇರೂರಲು ಮುಖ್ಯ ಕಾರಣ ಲಿಯೇಜ್ ವಿಶ್ವವಿದ್ಯಾಲಯದ ಆಸ್ಪತ್ರೆ. ಅರಿವಳಿಕೆ ತಜ್ಞೆ ಮಾರಿ-ಎಲಿಜಬೆತ್ ಫೆಮೋನ್ವಿಲ್ ಅವರು 1992ರಿಂದ ಅಲ್ಲಿ ಸ್ಥಳೀಯ ಅರಿವಳಿಕೆ, ಹಗುರವಾದ ಶಮನಕಾರಿ ಔಷಧಿ ಮತ್ತು ಸಮ್ಮೋಹನ ಮೂರನ್ನೂ ಸೇರಿಸಿ ಥೈರಾಯ್ಡ್ ಮುಂತಾದ ಶಸ್ತ್ರಚಿಕಿತ್ಸೆಗಳಿಗೆ ಬಳಸುತ್ತ ಬಂದರು. ಅಲ್ಲಿಯೂ ಔಷಧಿಯನ್ನು ಕೈಬಿಟ್ಟಿಲ್ಲ ಎಂಬುದನ್ನು ಗಮನಿಸಬೇಕು.

ಹಾಗಾದರೆ ಇದರಲ್ಲಿ ಸಮ್ಮೋಹನದ ಪಾಲೆಷ್ಟು, ಪಕ್ಕದಲ್ಲಿ ಕುಳಿತು ಒಬ್ಬರು ಗಮನ ಕೊಟ್ಟದ್ದರ ಪಾಲೆಷ್ಟು? ವಿಕಿರಣ ತಜ್ಞೆ ಎಲ್ವಿರಾ ಲ್ಯಾಂಗ್ ಮತ್ತು ತಂಡದವರು ರಕ್ತನಾಳ ಹಾಗೂ ಮೂತ್ರಪಿಂಡದ ಚಿಕಿತ್ಸೆಗೆ ಬಂದ 241 ರೋಗಿಗಳ ಮೇಲೆ ನಡೆಸಿ 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಯನ್ನೇ ಎತ್ತಿಕೊಂಡಿತ್ತು. ಕ್ರಮಬದ್ಧವಾದ ಗಮನ ಮಾತ್ರ ಸಿಕ್ಕವರಲ್ಲೂ ಔಷಧಿಯ ಬಳಕೆ ಅರ್ಧಕ್ಕಿಂತ ಕೆಳಗಿಳಿಯಿತು. ಆದರೆ ಹೊತ್ತು ಕಳೆದಂತೆ ನೋವು ಏರದೆ ಉಳಿದದ್ದು ಸಮ್ಮೋಹನ ಪಡೆದವರಲ್ಲಿ ಮಾತ್ರ. ಅವರ ಚಿಕಿತ್ಸೆ ಸರಾಸರಿ 61 ನಿಮಿಷದಲ್ಲಿ ಮುಗಿದರೆ, ಸಾಮಾನ್ಯ ಆರೈಕೆಯವರಿಗೆ 78 ನಿಮಿಷ ಹಿಡಿಯಿತು. ಇದೇ ಲ್ಯಾಂಗ್ ಅವರ ತಂಡ ಮುಂದೆ, ‘ಈಗ ಚುಚ್ಚುತ್ತೇನೆ, ಉರಿಯುತ್ತದೆ’ ಎಂಬಂಥ ಎಚ್ಚರಿಕೆಗಳು ನೋವು ಮತ್ತು ಆತಂಕವನ್ನು ಹೆಚ್ಚಿಸುತ್ತವೆ ಎಂದೂ ವರದಿ ಮಾಡಿತು. ನಮ್ಮೂರಿನ ಆಸ್ಪತ್ರೆಗಳಲ್ಲಿ ಸೂಜಿ ಹಿಡಿದವರು ಸಮಾಧಾನಕ್ಕೆಂದು ಹೇಳುವ ‘ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೇ’ ಎಂಬ ಮಾತೂ ಈ ಪಟ್ಟಿಗೆ ಸೇರಬಹುದೇನೋ. ಇರುವೆ ಕಚ್ಚುವುದನ್ನು ಯಾರು ತಾನೇ ಬಯಸುತ್ತಾರೆ?

ಇನ್ನು ಕೊರತೆಗಳು. ತರಬೇತಿ ಪಡೆದವರು ಎಲ್ಲ ಪಾಳಿಯಲ್ಲೂ ಇರುವುದಿಲ್ಲ, ಆದರೆ ಅಪಾಯಿಂಟ್‌ಮೆಂಟ್ ಕೊಡುವ ಕೌಂಟರಿನಲ್ಲಿ ಈ ವಿಷಯ ಯಾರೂ ತಿಳಿಸುವುದಿಲ್ಲ. ಅಂಥ ಒಂದು ದಿನ ಅವರ ಬದಲಿಗೆ ನನ್ನ ಕೈಗೆ ಬಂದದ್ದು ಹೆಡ್‌ಫೋನ್ ಮತ್ತು ಧ್ವನಿಮುದ್ರಿಕೆ. ಸಮುದ್ರತೀರದ ವರ್ಣನೆ ತನ್ನ ಪಾಡಿಗೆ ಸಾಗುತ್ತಿತ್ತು. ಪಟ್ಟಿ ಎಳೆದ ಕ್ಷಣಕ್ಕೂ ಆ ಮಾತಿಗೂ ಸಂಬಂಧವೇ ಇರಲಿಲ್ಲ, ನಡುವೆ ಎರಡು ಸಲ ಬಾಗಿಲು ತೆರೆದು ಟ್ರಾಲಿ ಒಳಬಂತು. ಮಾತನ್ನು ಕೈಯ ಕೆಲಸಕ್ಕೆ ಹೊಂದಿಸುವುದೇ ಈ ಸೇವೆಯ ಜೀವಾಳವಾಗಿರುವಾಗ ಮುದ್ರಿಕೆಯನ್ನು ಅದಕ್ಕೆ ಸಮವೆಂದು ಕೊಡುವುದು ಸರಿಯಲ್ಲ. ಮಾಹಿತಿ ಪತ್ರದಲ್ಲಿ ‘ನೋವಿಲ್ಲದ ಆರೈಕೆ’ ಎಂದು ಅಚ್ಚು ಹಾಕಿದ್ದನ್ನೂ ತೆಗೆಯಬೇಕು.

ಎಲ್ಲರಿಗೂ ಇದು ಒಂದೇ ಮಟ್ಟದಲ್ಲಿ ಒಗ್ಗುವುದಿಲ್ಲ. ಸೂಚನೆಗೆ ಸ್ಪಂದಿಸುವ ಶಕ್ತಿ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ವಾಸ್ತವದ ಅರಿವು ತಪ್ಪುವ ಸೈಕೋಸಿಸ್‌ನಂಥ ಮಾನಸಿಕ ಕಾಯಿಲೆ ಇರುವವರು ವೈದ್ಯರಿಗೆ ತಿಳಿಸದೆ ಒಪ್ಪಿಕೊಳ್ಳಬಾರದು. ಉಳಿದವರು ಹೋಗುವುದಾದರೆ, ತರಬೇತಿ ಪಡೆದ ದಾದಿ ಯಾವ ಪಾಳಿಯಲ್ಲಿ ಇರುತ್ತಾರೆಂದು ಫೋನಿನಲ್ಲೇ ಕೇಳಿ ಆ ಸಮಯವನ್ನೇ ಗೊತ್ತು ಮಾಡಿಕೊಳ್ಳಿ, ಬರೆದುಕೊಟ್ಟ ನೋವಿನ ಮಾತ್ರೆಯನ್ನು ತಪ್ಪದೆ ನುಂಗಿಯೇ ಹೊರಡಿ.