19 ಅಡಿಯ ಹಾಯಿದೋಣಿ, 5 ಎಚ್‌ಪಿ ಇಂಜಿನ್: ಮೂರು ವರ್ಷ ಬಳಸಿದ ಮೇಲೆ

ದೋಣಿಗೆ ಐದರಲ್ಲಿ ನಾಲ್ಕು ನಕ್ಷತ್ರ. ಇಂಜಿನ್‌ಗೆ ಸೊನ್ನೆ. ಎರಡನ್ನೂ ಒಟ್ಟಿಗೆ ಕೊಂಡೆ, ಹಾಗಾಗಿ ಎರಡರ ಬಗ್ಗೆಯೂ ಒಟ್ಟಿಗೇ ಬರೆಯುತ್ತೇನೆ.

ದೋಣಿ ಗೋವಾದಿಂದ ಬಂದದ್ದು. ಫೈಬರಿನದು, ಸೆಕೆಂಡ್ ಹ್ಯಾಂಡ್, 2 ಲಕ್ಷ 40 ಸಾವಿರ. ಮುಂದೆ ಮಲಗಲು ಒಂದು ಗೂಡು ಇದೆ. ಕಾಲು ಚಾಚಿದರೆ ಹೆಬ್ಬೆರಳು ಲಂಗರಿನ ಸರಪಳಿಗೆ ತಾಗುತ್ತದೆ. ಉಳಿದ ಅಳತೆ, ತೂಕ ಎಲ್ಲ ಇಂಥ ದೋಣಿ ಹುಡುಕುವವರು ಆಗಲೇ ಬಾಯಿಪಾಠ ಮಾಡಿರುತ್ತೀರಿ, ಬಿಡಿ. ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವನು. ಭಾನುವಾರ ಮತ್ತು ರಜೆ ಮಾತ್ರ ನನ್ನ ಕೈಯಲ್ಲಿವೆ. ಜೊತೆಗೆ ಬರುವವರು ಯಾರೂ ಇಲ್ಲ, ಹೋಗುವುದು ಒಬ್ಬನೇ. ದೋಣಿ ಕಟ್ಟಿರುವುದು ಉಡುಪಿ ಜಿಲ್ಲೆಯ ಹಂಗಾರಕಟ್ಟೆಯಲ್ಲಿ. ಅಲ್ಲಿಂದ ಸ್ವಲ್ಪ ಕೆಳಗೆ ಕೋಡಿ ಬೆಂಗ್ರೆ. ಸೀತಾ, ಸ್ವರ್ಣಾ ಎರಡೂ ಹೊಳೆ ಸೇರಿ ಕಡಲಿಗೆ ಬೀಳುವ ಅಳಿವೆ ಬಾಗಿಲು ಅದು.

ಒಬ್ಬನೇ ಹಾಯಿದೋಣಿಯಲ್ಲಿ ಹೋಗುತ್ತೇನೆ ಅಂದ ಕೂಡಲೇ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅಭಿಲಾಷ್ ಟೋಮಿ ನೆನಪಾಗುತ್ತಾರೆ. 2012ರ ನವೆಂಬರಿನಲ್ಲಿ ಮುಂಬೈಯಿಂದ ಹೊರಟು, ಎಲ್ಲೂ ನಿಲ್ಲದೆ ಭೂಮಿ ಸುತ್ತಿ, 2013ರ ಮಾರ್ಚ್ ಕೊನೆಗೆ ಮುಂಬೈಗೇ ಬಂದವರು. ಅವರ ಮ್ಹಾದೇಯಿ 56 ಅಡಿಯ ದೋಣಿ, ಗೋವಾದಲ್ಲಿ ಕಟ್ಟಿದ್ದು. ನನ್ನದೂ ಗೋವಾದ್ದು. ಹೋಲಿಕೆ ಅಲ್ಲಿಗೆ ಮುಗಿಯಿತು.

ಈಗ ಇಂಜಿನ್. ಹಿಂದಿನ ಹಲಗೆಗೆ ತಿರುಗಿಸಿ ಬಿಗಿಯುವ ಟೂ ಸ್ಟ್ರೋಕ್ ಔಟ್‌ಬೋರ್ಡ್, 38 ಸಾವಿರ. ಮೂರು ವರ್ಷದಲ್ಲಿ ರಿಪೇರಿಗೆ 31 ಸಾವಿರ ಹೋಯಿತು. ಇದರ ಸ್ವಭಾವ ಹೇಗೆ ಅಂದರೆ, ಮೆಕ್ಯಾನಿಕ್ ಅಂಗಡಿಯಲ್ಲಿ ನೀರು ತುಂಬಿದ ನೀಲಿ ಡ್ರಮ್ಮಿಗೆ ಇಳಿಸಿ ಹಗ್ಗ ಎಳೆದರೆ ಒಂದೇ ಎಳೆತಕ್ಕೆ ಶುರು. ಹೊಳೆಯಲ್ಲಿ ಮೂರು ಎಳೆತ ಬೇಕು. ಅಳಿವೆಗೆ ಬಂದ ಮೇಲೆ ಹದಿನೆಂಟು, ಇಪ್ಪತ್ತು, ಆಮೇಲೆ ಲೆಕ್ಕದ ಮಾಸ್ಟ್ರಿಗೂ ಲೆಕ್ಕ ತಪ್ಪುತ್ತದೆ.

ಕಾರಣ ಪೂರ್ತಿ ಇಂಜಿನ್‌ನದ್ದೇ ಅಂತ ಹೇಳಲಾರೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೆ ಬರವೇ? ಟ್ಯಾಂಕಿನಲ್ಲಿ ಹಾಗೇ ಇಟ್ಟು ನೀರು ಜಾಸ್ತಿ ಸೇರಿದರೆ ಎಥನಾಲ್ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಇಂಜಿನ್ ಮೊದಲು ಕುಡಿಯುವುದು ಅದನ್ನೇ. ದಿನಾ ಓಡಿಸುವವರಿಗೆ ಇದು ಅಷ್ಟಾಗಿ ಬಾಧಿಸದು. ನನ್ನ ಹಾಗೆ ಎರಡು ವಾರಕ್ಕೊಮ್ಮೆ ಹೋಗುವವರಿಗೆ ಕಾರ್ಬೊರೇಟರ್ ಕ್ಲೀನ್ ಮಾಡುವುದೇ ಒಂದು ವ್ರತ. ನಾಡದೋಣಿಯವರ ಸೀಮೆಎಣ್ಣೆ ಇಂಜಿನ್‌ಗೆ ಈ ತಾಪತ್ರಯ ಇಲ್ಲ. ಅದು ನನ್ನ ದೋಣಿಗೆ ಭಾರ ಆಗುತ್ತದೆ, ಇಲ್ಲದಿದ್ದರೆ ಯಾವತ್ತೋ ಬದಲಿಸುತ್ತಿದ್ದೆ.

ಶುರುವೇ ಆಗದ ಇಂಜಿನ್ ಆಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಇದು ಒಮ್ಮೊಮ್ಮೆ ಶುರುವಾಗುತ್ತದೆ. ಅದೇ ತೊಂದರೆ.

ಮೊದಲ ವರ್ಷದ ಡಿಸೆಂಬರಿನಲ್ಲಿ ಏನಾಯಿತು ಅಂತ ಹೇಳುತ್ತೇನೆ. ಸಂಜೆ ನಾಲ್ಕೂವರೆ. ಹೊರಗಿನಿಂದ ವಾಪಸ್ ಬರುತ್ತಿದ್ದೆ. ವಾಯವ್ಯದ ಕಡಲಗಾಳಿ ಬೆನ್ನಿಗೆ ಚೆನ್ನಾಗಿ ಬೀಸುತ್ತಿತ್ತು. ಅವತ್ತು ಇಂಜಿನ್ ಎರಡನೇ ಎಳೆತಕ್ಕೇ ಶುರುವಾಯಿತು. ಖುಷಿಯಾಗಿ ಹಾಯಿ ಇಳಿಸಿದೆ, ಮಡಚಿ ಕಟ್ಟಿಯೂ ಬಿಟ್ಟೆ. ಅಳಿವೆಯಲ್ಲಿ ಇಳಿತದ ನೀರು ಹೊರಗೆ ಹೋಗುತ್ತಿತ್ತು. ಹೊರಗೆ ಹೋಗುವ ನೀರಿಗೆ ಒಳಗೆ ಬರುವ ಅಲೆ ಎದುರಾದರೆ ಅಲೆ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಸರಿಯಾಗಿ ಅದರ ನಡುವೆ ಇಂಜಿನ್ ಒಮ್ಮೆ ಕೆಮ್ಮಿ ನಿಂತಿತು. ದೋಣಿ ಅಡ್ಡ ತಿರುಗಿತು. ಒಂದು ಅಲೆ ಬಂದು ಕೂರುವ ಜಾಗದಲ್ಲಿ ಮೊಣಕಾಲಿನವರೆಗೆ ನೀರು ತುಂಬಿಸಿತು. ಫ್ಲಾಸ್ಕ್ ತೇಲಿ ಹೋಯಿತು. ನಾನು ಆಗಲೂ ಹಗ್ಗ ಎಳೆಯುತ್ತಲೇ ಇದ್ದೆ. ಹಾಯಿ ಬಿಚ್ಚಬೇಕು ಅಂತ ತಲೆಗೆ ಹೊಳೆಯಲೇ ಇಲ್ಲ.

ಹಿಂದೆ ಬರುತ್ತಿದ್ದ ನಾಡದೋಣಿಯವರು ಹಗ್ಗ ಎಸೆದು ಒಳಗೆ ಎಳೆದು ತಂದರು. ದಡಕ್ಕೆ ಬಂದ ಮೇಲೆ ಅವರ ತಾಂಡೇಲರು, ಅಂದರೆ ದೋಣಿ ನಡೆಸುವ ಯಜಮಾನರು, ನನ್ನ ಹತ್ತಿರ ಬಂದರು. ಅವರ ಮೊಮ್ಮಗ ನನ್ನ ಕ್ಲಾಸಿನಲ್ಲೇ ಇದ್ದ.

"ಮಾಸ್ಟ್ರೇ, ಗಾಳಿ ಇಷ್ಟು ಚಂದ ಉಂಟು. ಹಾಯಿ ಯಾಕೆ ಇಳಿಸಿದ್ದು?"

"ಇಂಜಿನ್ ಇತ್ತಲ್ಲ" ಅಂದೆ.

ಅವರು ದೋಣಿಯ ಹಿಂಬದಿ ಕಡೆ ತಿರುಗಿ ನೋಡಿದರು. "ಎಲ್ಲಿ?"

ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಶಾಲೆಗೆಲ್ಲ ಗೊತ್ತಾಗಿತ್ತು.

ಅದೇ ವಾರ ದೋಣಿ ಕಟ್ಟುವ ಆಚಾರ್ರ ಹತ್ತಿರ ಹೋಗಿ 12 ಅಡಿಯ ಒಂದು ಹುಟ್ಟು ಮಾಡಿಸಿದೆ. 3,200 ರೂಪಾಯಿ. ಯಾವ ಮರ ಅಂತ ಕೇಳಿದೆ. "ಮುರಿಯದ್ದು" ಅಂದರು. ಈ ವಿಮರ್ಶೆಯಲ್ಲಿ ಐದಕ್ಕೆ ಐದು ಸಿಗುವುದು ಇದಕ್ಕೆ ಮಾತ್ರ. ಪಕ್ಕದಲ್ಲಿ ಕೂತು ಎಳೆಯುವ ಹುಟ್ಟಲ್ಲ. ದೋಣಿಯ ಹಿಂಬದಿಯ ಕಚ್ಚಿನಲ್ಲಿ ಇಟ್ಟು, ನಿಂತುಕೊಂಡು, ನೀರಿನೊಳಗೆ ಎಂಟು ಬರೆದ ಹಾಗೆ ಆಡಿಸುವುದು. ಇಂಗ್ಲಿಷಿನ ಎಂಟು, ಅದೂ ಮಲಗಿದ್ದು. ನಮ್ಮ ೮ ಬರೆದರೆ ದೋಣಿ ಇದ್ದಲ್ಲೇ ಸುತ್ತುತ್ತದೆ. ಪ್ರತಿ ತಿರುವಿನಲ್ಲಿ ಮಣಿಕಟ್ಟು ಸ್ವಲ್ಪ ಹೊರಳಿಸಬೇಕು. ಕಲಿಯಲು ಒಂದು ತಿಂಗಳು ಹಿಡಿಯಿತು. ಮೊದಲ ವಾರ ಹುಟ್ಟು ಕಚ್ಚಿನಿಂದ ಹಾರಿ ಮೂರು ಸಲ ನೀರಿಗೆ ಬಿತ್ತು, ಒಂದು ಸಲ ನಾನೂ ಬಿದ್ದೆ. ಈಗ ನಡೆದು ಹೋಗುವವರಿಗಿಂತ ನಿಧಾನಕ್ಕೆ ಎಷ್ಟು ಹೊತ್ತು ಬೇಕಾದರೂ ಹೋಗಬಲ್ಲೆ. ಇಳಿತದ ಎದುರು ಮಾತ್ರ ಉಪಯೋಗ ಇಲ್ಲ. ಮುಖ ಕಡಲಿನಿಂದ ಊರಿನ ಕಡೆ, ದೋಣಿ ಊರಿನಿಂದ ಕಡಲಿನ ಕಡೆ.

ಹಾಗಾಗಿ ನೀರು ನೋಡಿಕೊಂಡೇ ಹೊರಡಬೇಕು. ಬೆಳಗಿನ ಜಾವ ಇಳಿತ ಇರಬೇಕು, ಮಧ್ಯಾಹ್ನದ ಮೇಲೆ ಭರತ. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಎರಡು ವಾರಕ್ಕೆ ಸುತ್ತಿ ಅದೇ ಹೊತ್ತಿಗೆ ಬರುತ್ತದೆ. ಅಂದರೆ ನನಗೆ ಸಿಗುವುದು ಒಂದು ಬಿಟ್ಟು ಒಂದು ಭಾನುವಾರ. ಮನೆಯಲ್ಲಿ ಇದಕ್ಕೆ ಯಾರ ತಕರಾರೂ ಇಲ್ಲ. ಉಳಿದ ಭಾನುವಾರ ಸಂತೆಗೆ ಹೋಗುವುದು ನಾನು.

ಆ ಭಾನುವಾರದ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ನಾಲ್ಕೂವರೆಗೆ ಎದ್ದು ಫ್ಲಾಸ್ಕಿಗೆ ಕಾಫಿ ತುಂಬಿಸುತ್ತೇನೆ. ಡಬ್ಬಿಯಲ್ಲಿ ಹಿಂದಿನ ರಾತ್ರಿಯ ಕೊಟ್ಟೆ ಕಡುಬು. ಒಬ್ಬನೇ ದೋಣಿ ನಡೆಸುವವರಿಗೆ ಇದಕ್ಕಿಂತ ಒಳ್ಳೆ ತಿಂಡಿ ಇಲ್ಲ. ಹಲಸಿನ ಎಲೆಯೇ ತಟ್ಟೆ, ಚೆಲ್ಲುವುದಿಲ್ಲ, ಒಂದು ಕೈ ಸಾಕು. ಇನ್ನೊಂದು ಕೈ ಚುಕ್ಕಾಣಿಯ ಮೇಲೆ. ಐದೂವರೆಗೆ ದೋಣಿ ಬಿಚ್ಚುತ್ತೇನೆ. ಚಳಿಗಾಲದಲ್ಲಿ ಆ ಹೊತ್ತಿಗೆ ನೆಲದ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿರುತ್ತದೆ. ಜಾಸ್ತಿ ಇಲ್ಲ, ಹಾಯಿ ಉಸಿರು ತುಂಬಿಕೊಳ್ಳುವಷ್ಟು. ಅಳಿವೆ ದಾಟಿ ಒಂದು ಕಿಲೋಮೀಟರ್ ಹೊರಗೆ ಹೋದರೂ ಊರಿನ ಬಚ್ಚಲು ಒಲೆಗಳ ಹೊಗೆಯ ವಾಸನೆ ಜೊತೆಗೇ ಬರುತ್ತದೆ. ಒಣಗಿದ ತೆಂಗಿನ ಗರಿ, ಸಿಪ್ಪೆ ಉರಿಯುವ ವಾಸನೆ. ಇಂಜಿನ್ ಹಾಕಿಕೊಂಡು ಹೋಗುತ್ತಿದ್ದಾಗ ಇದು ಒಂದು ದಿನವೂ ನನ್ನ ಮೂಗಿಗೆ ಬಂದಿರಲಿಲ್ಲ.

ಏಳೂವರೆಯೊಳಗೆ ಸೇಂಟ್ ಮೇರೀಸ್ ದ್ವೀಪದ ಹತ್ತಿರ ಲಂಗರು. ಮಲ್ಪೆಯ ಪ್ರವಾಸಿ ಬೋಟುಗಳು ಹಾಡು ಹಾಕಿಕೊಂಡು ಬರುವವರೆಗೆ ಆ ಕಂಬದಂಥ ಕಲ್ಲುಗಳೂ ನಾನೂ ಮಾತ್ರ. ಹನ್ನೊಂದರ ಹೊತ್ತಿಗೆ ಗಾಳಿ ಸತ್ತು, ಸ್ವಲ್ಪ ಹೊತ್ತು ಏನೂ ಇಲ್ಲದೆ, ಆಮೇಲೆ ಕಡಲಿನ ಕಡೆಯಿಂದ ಏಳುತ್ತದೆ. ಅದರಲ್ಲಿ ಮನೆಗೆ. ಅಳಿವೆಯೊಳಗೆ ಬಂದು ಹಗ್ಗ ಕಟ್ಟುವವರೆಗೂ ಹಾಯಿ ಇಳಿಸುವುದಿಲ್ಲ. ದಡದಲ್ಲಿ ತಾಂಡೇಲರು ಇದ್ದರೆ ಹಾಯಿ ನೋಡಿ ತಲೆ ಅಲ್ಲಾಡಿಸುತ್ತಾರೆ.

ಎರಡನೇ ವರ್ಷವೂ ಇಂಜಿನ್ ಹಿಂದೆ ನೇತಾಡುತ್ತಲೇ ಇತ್ತು. ಇರಲಿ ಅಂತ. ಈ ವರ್ಷ ಸಂಕ್ರಾಂತಿ ರಜೆಗೆ ಎರಡು ದಿನ ಸೇರಿಸಿ ಮಂಗಳೂರಿಗೆ ಹೊರಟಾಗ ಮೊದಲ ಸಲ ಅದನ್ನು ಬಿಚ್ಚಿ ಮನೆಯಲ್ಲಿಟ್ಟೆ. ಆ ಜಾಗದಲ್ಲಿ 20 ಲೀಟರಿನ ನೀರಿನ ಕ್ಯಾನ್ ಕೂತಿತು. "ಈಗ ಇಂಜಿನ್ ಕೈ ಕೊಡುವ ಹೆದರಿಕೆ ಇಲ್ಲ ಅಲ್ವಾ" ಅಂದಳು ಹೆಂಡತಿ. ತಮಾಷೆಗೆ ಅಂದದ್ದೋ ಸಿಟ್ಟಿಗೋ ಗೊತ್ತಾಗಲಿಲ್ಲ.

ದೂರ ಸುಮಾರು 34 ನಾಟಿಕಲ್ ಮೈಲಿ. ಅಷ್ಟು ಹೊತ್ತು ಚುಕ್ಕಾಣಿ ಹಿಡಿದೇ ಕೂರಲು ಆಗುವುದಿಲ್ಲ. ಅದಕ್ಕೆ ಒಂದು ಉಪಾಯ ಇದೆ. ಮುಂದಿನ ಸಣ್ಣ ಹಾಯಿಯ ಹಗ್ಗವನ್ನು ಗಾಳಿ ಬರುವ ಬದಿಯಿಂದ ಚುಕ್ಕಾಣಿಯ ಹಿಡಿಗೆ ಕಟ್ಟುವುದು. ಇನ್ನೊಂದು ಬದಿಗೆ ಹಳೆ ಸೈಕಲ್ ಟ್ಯೂಬ್. ಗಾಳಿ ಜೋರಾದರೆ ಹಾಯಿಯ ಹಗ್ಗ ಹಿಡಿಯನ್ನು ಗಾಳಿ ಬರುವ ಬದಿಗೆ ಎಳೆಯುತ್ತದೆ, ಕಡಿಮೆಯಾದರೆ ಟ್ಯೂಬ್ ವಾಪಸ್ ಎಳೆಯುತ್ತದೆ. ದೋಣಿ ತಾನೇ ದಾರಿ ಸರಿಮಾಡಿಕೊಳ್ಳುತ್ತದೆ. ಟ್ಯೂಬಿಗೆ ಸೈಕಲ್ ಅಂಗಡಿಯವರು ದುಡ್ಡು ತೆಗೆದುಕೊಳ್ಳಲಿಲ್ಲ.

ರಾತ್ರಿ ಎಂಟು ಗಂಟೆಗೆ ಕಾಪು ದೀಪಸ್ತಂಭ ದಾಟಿದ ಸ್ವಲ್ಪ ಹೊತ್ತಿಗೆ ಗಾಳಿ ಪೂರ್ತಿ ಬಿದ್ದಿತು. 1901ರಿಂದ ನಿಂತಿರುವ ಆ ದೀಪ ಎಡ ಹಿಂದೆ ಇತ್ತು. ಒಂಬತ್ತಕ್ಕೆ ನೋಡಿದರೆ ಹತ್ತಿರ ಬಂದಿದೆ. ಹತ್ತಕ್ಕೆ ಇನ್ನೂ ಹತ್ತಿರ. ಚಳಿಗಾಲದಲ್ಲಿ ನಮ್ಮ ಕರಾವಳಿಯ ನೀರು ಉತ್ತರಕ್ಕೆ ಹರಿಯುತ್ತದೆ, ಮಳೆಗಾಲದಲ್ಲಿ ದಕ್ಷಿಣಕ್ಕೆ. ಓದಿ ಗೊತ್ತಿತ್ತು. ಸುಮ್ನೆ ಕೂತವನನ್ನು ಅದು ಮೂರು ತಾಸಿನಲ್ಲಿ ಒಂದೂವರೆ ಕಿಲೋಮೀಟರ್ ಮನೆ ಕಡೆ ತಳ್ಳಿದಾಗ ಅರ್ಥವಾಯಿತು. ಇಂಜಿನ್ ಇದ್ದಿದ್ದರೆ ಇಡೀ ರಾತ್ರಿ ಹಗ್ಗ ಎಳೆದು ಭುಜ ನೋಯಿಸಿಕೊಳ್ಳುತ್ತಿದ್ದೆ. ಅವತ್ತು ಕಾಫಿ ಕುಡಿದೆ, ಎರಡು ಕಡುಬು ತಿಂದೆ.

ಹತ್ತೂವರೆಗೆ ಒಂದು ಟ್ರಾಲ್ ಬೋಟ್ ಬಲೆ ಎಳೆಯುತ್ತಾ ನೇರ ನನ್ನ ಕಡೆಗೇ ಬಂತು. ಹಾಯಿದೋಣಿಗೆ ಇಂಜಿನ್ ಬೋಟು ದಾರಿ ಬಿಡಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ಬಲೆ ಹಾಕಿದ ಬೋಟಿಗೆ ಹಾಯಿದೋಣಿಯೇ ದಾರಿ ಬಿಡಬೇಕು. ನಿಯಮ ಅವರ ಪರ, ಗಾಳಿ ಯಾರ ಪರವೂ ಇಲ್ಲ. 7 ಮೀಟರಿಗಿಂತ ಸಣ್ಣ ಹಾಯಿದೋಣಿಗೆ ಬಣ್ಣದ ದೀಪಗಳು ಇಲ್ಲದಿದ್ದರೂ ಒಂದು ಟಾರ್ಚ್ ಸಾಕು. ಅದನ್ನು ಹಾಯಿಯ ಮೇಲೆ ಬಿಟ್ಟು ಹಚ್ಚಿಟ್ಟೆ. ಹುಟ್ಟು ಹಾಕಿ ಹತ್ತು ನಿಮಿಷದಲ್ಲಿ ಇನ್ನೂರು ಮೀಟರ್ ಸರಿದೆ. ಬೋಟ್ ಪಕ್ಕದಲ್ಲೇ ಹೋಯಿತು. "ದಾನೆ ಆಂಡ್?" ಅಂತ ಒಬ್ಬ ತುಳುವಿನಲ್ಲಿ ಕೂಗಿದ, ಏನಾಯಿತು ಅಂತ. "ದಾಲಾ ಇಜ್ಜಿ, ಗಾಳಿ ಇಜ್ಜಿ" ಅಂದೆ, ಏನಿಲ್ಲ, ಗಾಳಿ ಇಲ್ಲ ಅಂತ. ಆಯ್ತು ಅನ್ನುವ ಹಾಗೆ ಕೈ ಎತ್ತಿ ಹೋದ.

ಹನ್ನೆರಡೂವರೆಗೆ ನೆಲದ ಗಾಳಿ ಬಂತು. ಆಮೇಲೆ ಪಣಂಬೂರಿನ ಹೊರಗೆ ಲಂಗರು ಹಾಕಿದ ಹಡಗುಗಳ ದೀಪ, ಊರಿನ ಹಾಗೆ. ಬೆಳಿಗ್ಗೆ ಏಳಕ್ಕೆ ಮಂಗಳೂರು ಅಳಿವೆ ಎದುರಿಗಿತ್ತು, ಗಾಳಿ ಮಾತ್ರ ಹೊಳೆಯೊಳಗಿಂದ ಹೊರಗೆ ಬರುತ್ತಿತ್ತು. ಲಂಗರು ಹಾಕಿ ನಾಲ್ಕೂವರೆ ತಾಸು ನಿದ್ದೆ ಮಾಡಿದೆ. ಕಡಲಗಾಳಿ ಎದ್ದ ಮೇಲೆ ಹಳೆ ಬಂದರಿಗೆ ಹೋಗಿ, ಲಕ್ಷದ್ವೀಪಕ್ಕೆ ಸರಕು ತುಂಬುತ್ತಿದ್ದ ಮಂಜಿ ಅನ್ನುವ ಮರದ ಹಡಗಿನ ಪಕ್ಕ ಕಟ್ಟಿದೆ. ಬಸ್ಸಿನಲ್ಲಿ ಎರಡು ತಾಸಿನ ದಾರಿಗೆ ಸುಮಾರು ಒಂದು ದಿನ ಹಿಡಿಯಿತು.

ದೋಣಿಗೆ ಒಂದು ನಕ್ಷತ್ರ ಯಾಕೆ ಕಡಿಮೆ? ದೋಣಿ ಅಡ್ಡ ಜಾರದಂತೆ ತಳದಿಂದ ನೀರಿಗೆ ಇಳಿಸುವ ಹಲಗೆಯ ಸಂದಿಗೆ ಹೊಳೆಯ ಮರಳು ಸಿಕ್ಕಿಕೊಂಡು ಕೂರುತ್ತದೆ. ಹಲಗೆ ಇಳಿಯದಿದ್ದರೆ ದೋಣಿ ಏಡಿಯ ಹಾಗೆ ಅಡ್ಡ ಹೋಗುತ್ತದೆ. ಗೂಡಿನ ಕಿಟಕಿ ಸೋರುತ್ತದೆ, ಎಂಸೀಲ್ ಹಚ್ಚಿದ್ದೇನೆ, ಆದರೂ ಸೋರುತ್ತದೆ. ಜೂನ್ ಬಂದರೆ ಮೇಲೆ ಎಳೆದು ಗರಿ ಮುಚ್ಚಿಡಬೇಕು, ಮಳೆಗಾಲದಲ್ಲಿ ಇದರ ಸುದ್ದಿಗೇ ಹೋಗಬಾರದು.

ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕಾದವರು, ಸಂಜೆ ಮದುವೆ ರಿಸೆಪ್ಶನ್ ಇಟ್ಟುಕೊಂಡವರು ಇಂಥದ್ದನ್ನು ಕೊಳ್ಳಬೇಡಿ. ಉಳಿದವರು ಕೊಳ್ಳುವುದಾದರೆ ಇಂಜಿನ್ ದುಡ್ಡಿನಲ್ಲಿ ಒಳ್ಳೆ ಲೈಫ್ ಜಾಕೆಟ್, ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ರೇಡಿಯೊ, ಸೊಂಟದಿಂದ ದೋಣಿಗೆ ಕಟ್ಟಿಕೊಳ್ಳುವ ಹಗ್ಗ ತೆಗೆದುಕೊಳ್ಳಿ. ಒಬ್ಬನೇ ಇದ್ದಾಗ ನೀರಿಗೆ ಬಿದ್ದರೆ ದೋಣಿ ನಿಮಗಾಗಿ ಕಾಯುವುದಿಲ್ಲ, ಹಾಯಿ ತುಂಬಿಕೊಂಡು ಹೋಗಿಯೇ ಬಿಡುತ್ತದೆ. ಹಿಂದಿನ ದಿನ ಇಂಕಾಯ್ಸ್ ಅನ್ನುವ ಸರ್ಕಾರಿ ಸಾಗರ ಮಾಹಿತಿ ಕೇಂದ್ರದ ಅಲೆ, ಗಾಳಿ ಮುನ್ಸೂಚನೆ ನೋಡಿ. ಕೋಸ್ಟ್ ಗಾರ್ಡ್ 1554 ನಂಬರನ್ನು ಫೋನಿನಲ್ಲೂ ಮನೆಯ ಗೋಡೆಯಲ್ಲೂ ಬರೆದಿಡಿ.

ಇಂಜಿನ್ ಮಾರಾಟಕ್ಕಿದೆ. ಕಳೆದ ತಿಂಗಳು ಬ್ರಹ್ಮಾವರದಿಂದ ಒಬ್ಬರು ನೋಡಲು ಬಂದರು. ಅಂಗಳದಲ್ಲಿ ಡ್ರಮ್ಮಿಗೆ ನೀರು ತುಂಬಿಸಿ, ಹೊಸ ಪೆಟ್ರೋಲ್ ಹಾಕಿ ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಶುರು.

"ಇಷ್ಟು ಒಳ್ಳೆ ಇಂಜಿನ್, ಯಾಕೆ ಕೊಡ್ತೀರಿ ಮಾರಾಯ್ರೇ?" ಅಂತ ಕೇಳಿದರು.

"ಡ್ರಮ್ಮಿನಲ್ಲಿ ಮಾತ್ರ ಹೀಗೆ" ಅಂದೆ. ಅವರು ನಕ್ಕರು. ಚಾ ಕುಡಿದು ಹೋದವರು ಇನ್ನೂ ಫೋನ್ ಮಾಡಿಲ್ಲ.