ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ: ಇಬ್ಬರು ಮಕ್ಕಳು, ಆರು ವರ್ಷ

ನನ್ನ ಮಗಳು 2018ರಲ್ಲಿ ಎಂಟನೇ ತರಗತಿಗೆ ಸೇರಿದಳು. ಅವಳು 2021ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷವೇ ಮಗ ಅದೇ ಶಾಲೆಗೆ ಹೋದ. 2024ರಲ್ಲಿ ಅವನದ್ದೂ ಮುಗಿಯಿತು. ಹೀಗೆ ಆರು ವರ್ಷ ಬಿಡದೆ ಆ ಶಾಲೆಯ ಗೇಟಿಗೆ ಓಡಾಡಿದ್ದೇನೆ. ಅದಕ್ಕೂ ಮುಂಚೆ ನಾನೂ ಅಲ್ಲೇ ಓದಿದವನು. ಶಾಲೆಯ ಹೆಸರು ಹಾಕುತ್ತಿಲ್ಲ. ಕೊರತೆಗಳನ್ನೂ ಬಿಚ್ಚಿ ಬರೆಯುತ್ತಿದ್ದೇನೆ, ಅದು ಯಾರೊಬ್ಬರ ಮೇಲೂ ಹೋಗಿ ಕೂರುವುದು ಬೇಡ.

ನಮ್ಮ ತಂದೆಯ ಕಾಲಕ್ಕೆ ಊರಲ್ಲಿ ಏಳನೇ ತರಗತಿವರೆಗೆ ಮಾತ್ರ ಇತ್ತು. ಮುಂದೆ ಓದಬೇಕಾದರೆ ಪೇಟೆಗೆ ಹೋಗಬೇಕು, ಇಲ್ಲವೇ ಹಿಪ್ಪುನೇರಳೆ ತೋಟಕ್ಕೆ ಇಳಿಯಬೇಕು. ಅಪ್ಪ ತೋಟಕ್ಕೆ ಇಳಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರು ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಹೋದವರು. ಆ ಕಥೆಯನ್ನು ನಮ್ಮ ಮೇಷ್ಟ್ರು ತರಗತಿಯಲ್ಲಿ ಹೇಳುತ್ತಿದ್ದರು. ಊರಿನ ಹತ್ತಿರ ಒಂದು ಹೈಸ್ಕೂಲು ಇದ್ದರೆ ಎಷ್ಟು ದೊಡ್ಡದು ಅನ್ನುವುದು ನನಗೆ ಅರ್ಥವಾಗಿದ್ದು ಆಗಲೇ. ನನ್ನ ಅಂಕಪಟ್ಟಿಯಲ್ಲಿ ಕೋಲಾರ ಜಿಲ್ಲೆ ಅಂತಿದೆ, ಮಕ್ಕಳದರಲ್ಲಿ ಚಿಕ್ಕಬಳ್ಳಾಪುರ. 2007ರಲ್ಲಿ ಜಿಲ್ಲೆ ಬೇರೆಯಾಯಿತಲ್ಲ. ಕಟ್ಟಡದ ಅರ್ಧ ಭಾಗ ಮಾತ್ರ ಇನ್ನೂ ನಾನು ಕೂತಿದ್ದ ಅದೇ ಕಲ್ಲಿನ ಗೋಡೆಯದು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಮಕ್ಕಳು ಶಾಲೆ ತಪ್ಪಿಸುವುದು ಸೋಮಾರಿತನಕ್ಕಲ್ಲ, ಹುಳಕ್ಕೆ. ರೇಷ್ಮೆ ಹುಳು ಸಾಕಿದ ಮನೆಯಲ್ಲಿ ಕೊನೆ ಜ್ವರ, ಅಂದರೆ ಹುಳ ಪೊರೆ ಬಿಡುವ ಹೊತ್ತು, ಕಳೆದ ಮೇಲೆ ಒಂದು ವಾರ ಹಗಲು ರಾತ್ರಿ ಸೊಪ್ಪು ಹಾಕಬೇಕು. ಹುಳ ಹಣ್ಣಾಗಿ ಗೂಡು ಕಟ್ಟಲು ತಯಾರಾದ ದಿನ ಇದ್ದಬದ್ದ ಕೈಗಳೆಲ್ಲ ಬೇಕು. ಆರಿಸಿ ಚಂದ್ರಿಕೆಗೆ, ಅಂದರೆ ಹುಳ ಗೂಡು ಕಟ್ಟುವ ತಟ್ಟೆಗೆ, ಬಿಡುವುದು ತಡವಾದರೆ ಗೂಡು ಕೆಡುತ್ತದೆ. ವರ್ಷಕ್ಕೆ ಐದಾರು ಬೆಳೆ ತೆಗೆಯುವ ಮನೆಯಲ್ಲಿ ಹುಡುಗಿಗೆ ಎಷ್ಟು ದಿನ ಶಾಲೆ ತಪ್ಪಬಹುದು, ನೀವೇ ಲೆಕ್ಕ ಹಾಕಿ. ನನ್ನ ಮಗಳಿಗೂ ಎಂಟನೇ ತರಗತಿಯ ಮೊದಲ ಮೂರು ತಿಂಗಳು ಹಾಗೇ ಆಯಿತು. ತಪ್ಪು ನನ್ನದೇ, ನಾನೇ ನಿಲ್ಲಿಸಿಕೊಂಡೆ.

ಅದನ್ನು ತಪ್ಪಿಸಿದ್ದು ಖೋಖೋ.

ಪಿಟಿ ಮೇಷ್ಟ್ರು ಅವಳ ಓಟ ನೋಡಿ ತಂಡಕ್ಕೆ ಹಾಕಿಕೊಂಡರು. ಬೆಳಿಗ್ಗೆ ಆರೂವರೆಗೆ ಮೈದಾನದಲ್ಲಿರಬೇಕು. ಖೋಖೋಗೆ ಖರ್ಚೇನೂ ಇಲ್ಲ ಅಲ್ವಾ? ಎರಡು ಕಂಬ, ಒಂದಿಷ್ಟು ಸುಣ್ಣ, ಕಲ್ಲು ಆರಿಸಿದ ಮಣ್ಣು. ಆದರೆ ಎಂಟು ಜನ ಸಾಲಲ್ಲಿ ಕೂರದಿದ್ದರೆ ಆಟವೇ ಇಲ್ಲ. ಒಬ್ಬಳು ಬರದಿದ್ದರೆ ಉಳಿದವರ ಅಭ್ಯಾಸ ಹಾಳು. ಮೇಷ್ಟ್ರು ನನ್ನ ಮನೆಗೇ ಬಂದು ಹೇಳಿದರು, 'ಹುಳಕ್ಕೆ ಒಂದು ಕೂಲಿ ಆಳು ಸಿಗುತ್ತೆ, ನನಗೆ ಇನ್ನೊಬ್ಬಳು ಸಿಗಲ್ಲ' ಅಂತ. ಆಮೇಲೆ ಹುಳ ಹಣ್ಣಾದ ದಿನವೂ ಅವಳು ಮೈದಾನಕ್ಕೆ ಹೋಗಿ, ಅಲ್ಲಿಂದಲೇ ತರಗತಿಗೆ ಹೋಗುತ್ತಿದ್ದಳು. ನಾನು ಆಳು ಇಟ್ಟುಕೊಂಡೆ. ಆ ತಂಡದ ಹುಡುಗಿಯರು ಯಾರೂ ಮಧ್ಯದಲ್ಲಿ ಶಾಲೆ ಬಿಡಲಿಲ್ಲ. ಹೋಬಳಿ ಗೆದ್ದರು, ತಾಲ್ಲೂಕು ಗೆದ್ದರು, ಜಿಲ್ಲಾ ಮಟ್ಟದಲ್ಲಿ ಸೋತರು. ವಿಭಾಗ ಮಟ್ಟ ನೋಡುವ ಆಸೆ ಹಾಗೇ ಉಳಿಯಿತು. ಅವಳು ಹತ್ತಕ್ಕೆ ಬಂದಾಗ ಕೋವಿಡ್, ಆಟವೇ ನಡೆಯಲಿಲ್ಲ. ಆ ವರ್ಷ ಅವಳು ಅತ್ತಿದ್ದು ಪರೀಕ್ಷೆಗಲ್ಲ, ಅದಕ್ಕೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದು, ಭಾರತದ ಹುಡುಗಿಯರು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ಟಿ. ನರಸೀಪುರ ಕಡೆಯ ಹಳ್ಳಿ ಹುಡುಗಿ ಚೈತ್ರಾ ಇದ್ದರು. ಆ ರಾತ್ರಿ ಮಗಳ ಹಳೇ ತಂಡದವರೆಲ್ಲ ಫೋನಿನಲ್ಲಿ ಒಬ್ಬರಿಗೊಬ್ಬರು ಕೂಗಾಡಿದ್ದನ್ನು ನಾನು ಮರೆಯುವುದಿಲ್ಲ.

ಓದಿನ ವಿಷಯ. ನಮ್ಮ ಮನೆಮಾತು ತೆಲುಗು. ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳದು ತೆಲುಗು ಇಲ್ಲವೇ ಉರ್ದು. ಪರೀಕ್ಷೆಯಲ್ಲಿ ಕನ್ನಡ ಪ್ರಥಮ ಭಾಷೆ, 625ರಲ್ಲಿ 125 ಅಂಕ ಅದಕ್ಕೇ. ಇಲ್ಲಿನ ಕನ್ನಡ ಮೇಡಂ ಮಕ್ಕಳಿಗೆ ಮೊದಲು ಮಾತಾಡಲು ಬಿಟ್ಟರು, ಆಮೇಲೆ ಬರೆಸಿದರು. ಪ್ರತಿಭಾ ಕಾರಂಜಿಗೆ ಇಡೀ ತರಗತಿಯನ್ನೇ ತಯಾರು ಮಾಡುತ್ತಿದ್ದರು. ಮನೆಯಲ್ಲಿ ಕನ್ನಡವೇ ಆಡದ ನನ್ನ ಮಗ ಇವತ್ತು ಪತ್ರಿಕೆ ಓದಿ ನನಗೆ ವಿವರಿಸುತ್ತಾನೆ.

ಗಣಿತ ಬೇರೆಯೇ ಕಥೆ. ಮಗ ಒಂಬತ್ತರಲ್ಲಿದ್ದಾಗ ಗಣಿತದ ಮೇಷ್ಟ್ರಿಗೆ ವರ್ಗವಾಯಿತು. ಆ ಹುದ್ದೆ ತಿಂಗಳುಗಟ್ಟಲೆ ಖಾಲಿ ಬಿತ್ತು. ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಅರ್ಧ ವರ್ಷ ಕಳೆದಿತ್ತು. ನಾವು ಕೆಲವು ಪೋಷಕರು ಅರ್ಜಿ ಹಿಡಿದು ಕಚೇರಿ ಕಚೇರಿ ಅಲೆದೆವು. 'ನೋಡೋಣ' ಅನ್ನುವ ಮಾತು ಬಿಟ್ಟು ಬೇರೇನೂ ಸಿಗಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ. ಬೀಜಗಣಿತ ಗಟ್ಟಿಯಾಗಬೇಕಾದ ವರ್ಷವನ್ನು ಮಕ್ಕಳಿಗೆ ವಾಪಸ್ ಕೊಡಲು ಆಗುವುದಿಲ್ಲ.

ಅದರ ಪೆಟ್ಟು 2024ರಲ್ಲಿ ಬಿತ್ತು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40 ಪರ್ಸೆಂಟ್‌ಗೆ ಇಳಿಯಿತು. ನನ್ನ ಮಗ ಗಣಿತದಲ್ಲಿ ನಪಾಸಾದ. ಕ್ಯಾಮೆರಾ ಬಂದಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಇರಲೇಬೇಕು. ಪಾಠ ಮಾಡುವವರೂ ಇರಬೇಕಿತ್ತು, ನನ್ನ ಕೋರಿಕೆ ಅಷ್ಟೇ. ಅದೇ ವರ್ಷ ಮೂರು ಪರೀಕ್ಷೆಯ ಪದ್ಧತಿ ಬಂದಿದ್ದು ನಮ್ಮ ಪುಣ್ಯ. ಮೇ ತಿಂಗಳ ಬಿಸಿಲಲ್ಲಿ ವಿಜ್ಞಾನದ ಮೇಷ್ಟ್ರು ರಜೆ ಬಿಟ್ಟು ಬಂದು, ನಪಾಸಾದ ಮಕ್ಕಳನ್ನು ಕೂರಿಸಿಕೊಂಡು ದಿನಾ ಗಣಿತ ಹೇಳಿಕೊಟ್ಟರು. ಒಂದು ರೂಪಾಯಿ ಮುಟ್ಟಲಿಲ್ಲ. ಜೂನ್‌ನಲ್ಲಿ ನಡೆದ ಎರಡನೇ ಪರೀಕ್ಷೆಯಲ್ಲಿ ಮಗ ಪಾಸಾದ. ವರ್ಷ ಹಾಳಾಗದೆ ಐಟಿಐ ಸೇರಿದ.

ಮಗಳ ಎಸ್ಸೆಸ್ಸೆಲ್ಸಿ ಬಗ್ಗೆ ಹೊಗಳಲು ಏನಿಲ್ಲ. 2021ರ ಜುಲೈ 19 ಮತ್ತು 22, ಎರಡೇ ದಿನ, ಉತ್ತರ ಗುರುತು ಮಾಡುವ ಪರೀಕ್ಷೆ. ರಾಜ್ಯದಲ್ಲಿ ಹೆಚ್ಚುಕಮ್ಮಿ ಎಲ್ಲರೂ ಪಾಸು. ಆ ವರ್ಷದ ಫಲಿತಾಂಶ ನೋಡಿ ಯಾವ ಶಾಲೆಯನ್ನೂ ಅಳೆಯಬೇಡಿ. ಅವತ್ತು ನಾನು ಮೆಚ್ಚಿದ್ದು ಬೇರೆ. ಚಂದನ ವಾಹಿನಿಯ ಪಾಠ ನೋಡಲು ಟಿವಿ ಇಲ್ಲದ ಮನೆಗಳ ಪಟ್ಟಿ ಮಾಡಿಕೊಂಡು, ಶಿಕ್ಷಕರೇ ಅರಳಿಕಟ್ಟೆಗೆ ಬಂದು ಪಾಠ ಮಾಡಿದರು.

ಬಿಸಿಯೂಟ ಚೆನ್ನಾಗಿತ್ತು, ಹಾಲು ದಿನಾ ಬರುತ್ತಿತ್ತು. ಮಗಳಿಗೆ ಸೈಕಲ್ ಸಿಕ್ಕಿತು, ಮಗನ ಸಾಲಿಗೆ ಸಿಗಲಿಲ್ಲ, ಅದೇ ಸೈಕಲ್ಲನ್ನು ಅವನೂ ತುಳಿದ. ಹುಡುಗಿಯರ ಶೌಚಾಲಯಕ್ಕೆ ನೀರು ಬೇಸಿಗೆಯಲ್ಲಿ ನಿಲ್ಲುತ್ತಿತ್ತು. ಇದನ್ನು ಸಣ್ಣದು ಅಂದುಕೊಳ್ಳಬೇಡಿ. ಮಧ್ಯಾಹ್ನ ನೀರು ಕುಡಿಯದೆ ಕೂರುವ ಹುಡುಗಿಯರಿದ್ದರು. ಬೋರ್‌ವೆಲ್ ಬತ್ತಿದ ತಾಲ್ಲೂಕು ನಮ್ಮದು, ಆದರೂ ವಾರಕ್ಕೆರಡು ಟ್ಯಾಂಕರ್ ತರಿಸುವುದು ಆಗದ ಕೆಲಸ ಅಲ್ಲ. ಪೋಷಕರು ಸೇರಿ ತರಿಸಿದ ಮೇಲೆ ಸರಿಹೋಯಿತು.

ಸೇರಿಸಬೇಕೆಂದು ಯೋಚಿಸುವವರಿಗೆ ಹೇಳುತ್ತೇನೆ. ಸುಮ್ನೆ ಕಟ್ಟಡದ ಬಣ್ಣ ನೋಡಿ ವಾಪಸ್ ಬರಬೇಡಿ. ಮುಖ್ಯ ಶಿಕ್ಷಕರನ್ನು ಕೇಳಿ: ಗಣಿತ, ವಿಜ್ಞಾನ, ಇಂಗ್ಲಿಷಿಗೆ ಕಾಯಂ ಶಿಕ್ಷಕರು ಇದ್ದಾರಾ? ಪಿಟಿ ಮೇಷ್ಟ್ರು ಇದ್ದಾರಾ? ಬೆಳಿಗ್ಗೆ ಏಳಕ್ಕೆ ಒಮ್ಮೆ ಮೈದಾನಕ್ಕೆ ಹೋಗಿ ನಿಂತು ನೋಡಿ, ಮಕ್ಕಳು ಬರುತ್ತಾರಾ ಅಂತ.

ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಹೋಗಿದ್ದು ಗಣಿತದ ಖಾಲಿ ಕುರ್ಚಿಗೆ. ನನ್ನ ತಮ್ಮನ ಮಗಳನ್ನೂ ಈಗ ಅಲ್ಲೇ ಎಂಟಕ್ಕೆ ಸೇರಿಸಿದ್ದೇವೆ. ಮೊದಲ ವಾರವೇ ಖೋಖೋ ಆಯ್ಕೆಗೆ ಹೆಸರು ಕೊಟ್ಟು ಬಂದಿದ್ದಾಳೆ. ಮನೆಯಲ್ಲಿ ಹುಳ ಮೂರನೇ ಜ್ವರದಲ್ಲಿದೆ, ಹಣ್ಣಾಗುವ ದಿನಕ್ಕೆ ಆಳಿಗೆ ಈಗಲೇ ಹೇಳಿಟ್ಟಿದ್ದೇನೆ.