ಗೋಪುರ ಹತ್ತಬೇಡ ಅಂದ ಧ್ವನಿ: ಹತ್ತು ವರ್ಷ ಆಡಿದ ಮೇಲೆ ದಿ ಟಾಲೋಸ್ ಪ್ರಿನ್ಸಿಪಲ್

ದಿ ಟಾಲೋಸ್ ಪ್ರಿನ್ಸಿಪಲ್ ಗೇಮ್ ಬಂದಿದ್ದು 2014ರ ಡಿಸೆಂಬರ್‌ನಲ್ಲಿ. ನಾನು ಅದನ್ನು ಮೊದಲ ಸಲ ಆಡಿದ್ದು 2015ರಲ್ಲಿ. ಆಮೇಲೆ ಇನ್ನೂ ಮೂರು ಸಲ ಪೂರ್ತಿ ಮುಗಿಸಿದ್ದೇನೆ. ಗೆಳೆಯನ ಪಕ್ಕ ಕೂತು ಅವನು ಆಡುವುದನ್ನು ನೋಡಿದ್ದೇನೆ. ತಂಗಿಗೆ ಆಡಿಸಿದ್ದೇನೆ. ಕಳೆದ ವರ್ಷ ಅಕ್ಕನ ಮಗಳು ಆಡಿದಳು. ಪಝಲ್‌ಗಳು ಎಲ್ಲರಿಗೂ ಒಂದೇ. ಆದರೆ ಒಬ್ಬೊಬ್ಬರಿಗೆ ಒಂದೊಂದು ಕಡೆ ಈ ಗೇಮ್ ತಟ್ಟಿತು. ಅದನ್ನು ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ.

ಕಥೆಯ ಕೊನೆಯ ಬಗ್ಗೆಯೂ ಬರೆದಿದ್ದೇನೆ. ಏನೂ ಗೊತ್ತಿಲ್ಲದೆ ಆಡಬೇಕು ಅನ್ನುವವರು ದಯವಿಟ್ಟು ಇಲ್ಲೇ ನಿಲ್ಲಿಸಿ. ಆಡಿ ಬಂದು ಓದಿ.

ಗೇಮ್ ಶುರುವಾದಾಗ ನೀವು ಕಣ್ಣು ಬಿಡುತ್ತೀರಿ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಅಡ್ಡ ಹಿಡಿಯಲು ಎತ್ತಿದ ಕೈ ಲೋಹದ್ದು. ಸುತ್ತ ಹಳೇ ಕಲ್ಲಿನ ಗೋಡೆ, ಕಂಬ, ಹುಲ್ಲು. ಮೇಲಿನಿಂದ ಒಂದು ಗಂಭೀರ ಧ್ವನಿ ನಿಮ್ಮನ್ನು ಮಗು ಎಂದು ಕರೆಯುತ್ತದೆ. ಅದರ ಹೆಸರು ಎಲೋಹಿಮ್. ಈ ಲೋಕವೆಲ್ಲ ನಿನ್ನದು, ಎಲ್ಲ ಪರೀಕ್ಷೆಯನ್ನೂ ಗೆಲ್ಲು, ಆದರೆ ಆ ದೊಡ್ಡ ಗೋಪುರವನ್ನು ಮಾತ್ರ ಹತ್ತಬೇಡ ಅನ್ನುತ್ತದೆ. ಗೋಪುರ ನಡುವೆಯೇ ನಿಂತಿದೆ. ಬಾಗಿಲೂ ಇದೆ.

ಆಟ ಆಡುವ ರೀತಿ ಸರಳ. ಗೋಡೆ ಕಟ್ಟಿದ ಒಂದೊಂದು ಅಂಗಳವೂ ಒಂದು ಪಝಲ್. ಒಳಗೆ ತೇಲಾಡುವ ಬಾಂಬುಗಳು, ಗುಂಡು ಹಾರಿಸುವ ಗನ್‌ಗಳು, ಬೆಳಕಿನ ಪರದೆಯಂಥ ಗೇಟ್‌ಗಳು. ನಿಮ್ಮ ಕೈಗೆ ಸಿಗುವುದು ಕೆಲವೇ ಸಾಮಾನು. ಗೇಟನ್ನೋ ಗನ್ನನ್ನೋ ಸ್ತಬ್ಧ ಮಾಡುವ ಜಾಮರ್, ಬೆಳಕಿನ ಕಿರಣವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವ ಕನೆಕ್ಟರ್, ಒಂದು ಪೆಟ್ಟಿಗೆ, ಫ್ಯಾನ್. ಕೊನೆಗೆ ಟೆಟ್ರಿಸ್ ಆಟದಲ್ಲಿರುವಂಥ ಚೌಕಗಳ ಒಂದು ತುಂಡು ಸಿಗುತ್ತದೆ. ಆ ತುಂಡುಗಳನ್ನು ಜೋಡಿಸಿದರೆ ಮುಂದಿನ ಬಾಗಿಲು ತೆರೆಯುತ್ತದೆ. ಇಂಥ ಪಝಲ್‌ಗಳು 120ಕ್ಕೂ ಜಾಸ್ತಿ ಇವೆ. ಮಾಡಿದ್ದು ಕ್ರೊಯೇಷಿಯಾದ ಕ್ರೊಟೀಮ್. ಬರೀ ಗುಂಡು ಹಾರಿಸುವ ಸೀರಿಯಸ್ ಸ್ಯಾಮ್ ಗೇಮ್‌ಗಳನ್ನು ಮಾಡಿದ್ದೂ ಇವರೇ. ಅವರ ಕೈಯಿಂದ ಇಷ್ಟು ಶಾಂತವಾದ ಆಟ ಬಂದಿದೆ ಅಂತ ನಂಬುವುದಕ್ಕೆ ನನಗೆ ಸ್ವಲ್ಪ ದಿನ ಬೇಕಾಯಿತು.

ನನಗೆ ತುಂಬಾ ಇಷ್ಟವಾದದ್ದು ರೆಕಾರ್ಡರ್. ಅದು ಒಂದು ಯಂತ್ರ. ಗುಂಡಿ ಒತ್ತಿದರೆ ನೀವು ಮಾಡುವುದೆಲ್ಲ ರೆಕಾರ್ಡ್ ಆಗುತ್ತದೆ. ನಿಲ್ಲಿಸಿದಾಗ ನಿಮ್ಮದೇ ಇನ್ನೊಂದು ರೂಪ ಎದ್ದು ಬಂದು, ನೀವು ಆಗ ಮಾಡಿದ್ದನ್ನೇ ಮತ್ತೆ ಮಾಡುತ್ತದೆ. ನೀವು ಅದರ ಜೊತೆ ಕೆಲಸ ಮಾಡಬೇಕು. ಒಂದು ಕಡೆ ನೆಲದ ಮೇಲೆ ಕಾಲಿನಿಂದ ಒತ್ತುವ ಒಂದು ಗುಂಡಿ ಇರುತ್ತದೆ. ಯಾರಾದರೂ ಅದರ ಮೇಲೆ ನಿಂತಿದ್ದರೆ ಮಾತ್ರ ಗೇಟ್ ತೆರೆದಿರುತ್ತದೆ. ಇಳಿದ ತಕ್ಷಣ ಮುಚ್ಚುತ್ತದೆ. ಹಾಗಾದರೆ ರೆಕಾರ್ಡ್ ಮಾಡುವಾಗ ಏನು ಮಾಡಬೇಕು? ಹೋಗಿ ಆ ಗುಂಡಿಯ ಮೇಲೆ ಸುಮ್ನೆ ನಿಲ್ಲಬೇಕು. ಅಷ್ಟೇ.

ನನ್ನ ಗೆಳೆಯ ಆಡುವಾಗ ಈ ಜಾಗದಲ್ಲಿ ಜೋರಾಗಿ ಎಣಿಸಿದ. ಒಂದು, ಎರಡು, ಮೂರು. ಹತ್ತಕ್ಕೆ ಇಳಿದುಬಿಟ್ಟ. ಆಮೇಲೆ ರೆಕಾರ್ಡಿಂಗ್ ಓಡಿಸಿದಾಗ ಅವನ ನೆರಳು ಹತ್ತಕ್ಕೇ ಇಳಿಯಿತು. ಗೇಟ್ ಅವನ ಮೂಗಿನ ಮುಂದೆಯೇ ಮುಚ್ಚಿತು. ಎರಡನೇ ಸಲ ಇಪ್ಪತ್ತೈದರವರೆಗೆ ನಿಂತ. ನಿಂತಿರುವಾಗ ಆ ಕಡೆ ಈ ಕಡೆ ನೋಡಿದ, ಆಕಾಶ ನೋಡಿದ. ರೆಕಾರ್ಡಿಂಗ್ ಓಡುವಾಗ ನೆರಳೂ ಆಕಾಶ ನೋಡುತ್ತಿತ್ತು. ಇವನು ಗೇಟ್ ದಾಟಿದವನು ತಿರುಗಿ ನಿಂತು ಅದನ್ನೇ ನೋಡಿದ. "ನನಗೋಸ್ಕರ ನಿಂತಿದಾನೆ ಕಣೋ, ಪಾಪ" ಅಂದ. ಆ ನೆರಳು ಅವನೇ ಅಲ್ವಾ? ಆದರೂ ಅವನಿಗೆ ಪಾಪ ಅನ್ನಿಸಿತು. ಅವನು ಗೇಮ್‌ನಲ್ಲಿರುವ ಪುಟಗಳನ್ನು ಒಂದನ್ನೂ ಓದಿದವನಲ್ಲ. ಎಲ್ಲ ಮಾತನ್ನೂ ದಾಟಿಸಿಕೊಂಡೇ ಹೋದ. ಯಂತ್ರದೊಳಗೆ ಒಬ್ಬ ಇರಬಹುದೇ ಅನ್ನುವ ಪ್ರಶ್ನೆ ಅವನಿಗೆ ಓದಿ ಬರಲಿಲ್ಲ. ಆ ಗುಂಡಿಯ ಮೇಲೆ ಬಂತು.

ಈ ಗೇಮ್ ಬಗ್ಗೆ ಜನ ಜಾಸ್ತಿ ವಾದ ಮಾಡುವುದು ಇದೇ ವಿಷಯಕ್ಕೆ. ಪಝಲ್ ಚೆನ್ನಾಗಿವೆ, ತತ್ವಶಾಸ್ತ್ರ ಸುಮ್ನೆ ಮೇಲೆ ಅಂಟಿಸಿದ್ದಾರೆ ಅಂತ ಕೆಲವರು ಹೇಳುತ್ತಾರೆ. ಕಥೆ ಚೆನ್ನಾಗಿದೆ, ಪಝಲ್‌ಗಳು ಅದಕ್ಕೆ ಅಡ್ಡ ಬರುತ್ತವೆ ಅಂತ ಇನ್ನು ಕೆಲವರು. ಮೊದಲ ಸಲ ನಾನೂ ಎರಡನ್ನೂ ಬೇರೆ ಬೇರೆ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ.

ಯಾಕೆ ಅಂತ ಹೇಳಬೇಕಾದರೆ ಕಥೆ ಹೇಳಲೇಬೇಕು. ಅಲ್ಲಲ್ಲಿ ಹಳೇ ಕಂಪ್ಯೂಟರ್ ಟರ್ಮಿನಲ್‌ಗಳು ಸಿಗುತ್ತವೆ. ಅವುಗಳಲ್ಲಿ ಅರ್ಧಂಬರ್ಧ ಅಳಿಸಿಹೋದ ಇಮೇಲ್‌ಗಳಿವೆ, ಪುಸ್ತಕದ ತುಣುಕುಗಳಿವೆ. ಅಲೆಕ್ಸಾಂಡ್ರಾ ಡ್ರೆನ್ನನ್ ಅನ್ನುವ ವಿಜ್ಞಾನಿಯ ಧ್ವನಿ ಟಿಪ್ಪಣಿಗಳೂ ಅಲ್ಲಲ್ಲಿ ಸಿಗುತ್ತವೆ. ಎಲ್ಲ ಸೇರಿಸಿದರೆ ತಿಳಿಯುವುದು ಇಷ್ಟು. ಕರಗಿದ ಹಿಮದಿಂದ ಎದ್ದ ವೈರಸ್‌ಗೆ ಮನುಷ್ಯರೆಲ್ಲ ಸತ್ತಿದ್ದಾರೆ. ಸಾಯುವ ಮುಂಚೆ ಕೆಲವರು ಒಂದು ಪ್ರೋಗ್ರಾಂ ಓಡಲು ಬಿಟ್ಟು ಹೋಗಿದ್ದಾರೆ. ಅದರೊಳಗೆ ಒಂದಾದ ಮೇಲೆ ಒಂದು ಕೃತಕ ಬುದ್ಧಿ ಹುಟ್ಟುತ್ತದೆ, ಪರೀಕ್ಷೆಗೆ ಒಳಗಾಗುತ್ತದೆ, ಹೋಗುತ್ತದೆ. ಪರೀಕ್ಷೆ ನೋಡುವುದು ಎರಡು ಗುಣ. ಪಝಲ್ ಬಿಡಿಸುವಷ್ಟು ಬುದ್ಧಿ ಇದೆಯಾ? ಬೇಡ ಅಂದಿದ್ದನ್ನು ಯೋಚಿಸಿ ಮೀರುವಷ್ಟು ಸ್ವಂತ ಮನಸ್ಸಿದೆಯಾ? ಹೇಳಿದ್ದನ್ನು ಚೆನ್ನಾಗಿ ಮಾಡಿದರೆ ಮಾತ್ರ ಸಾಲದು.

ತಂಗಿ ಎಲ್ಲ ಪಝಲ್ ಬಿಡಿಸಿದಳು, ನನಗಿಂತ ಬೇಗ. ಎಲೋಹಿಮ್ ಹೇಳಿದ ಒಂದು ಮಾತನ್ನೂ ಮೀರಲಿಲ್ಲ. ಕೊನೆಗೆ ಅದು ಕರೆದ ಬಾಗಿಲೊಳಗೆ ಹೋದಳು. ಪರದೆಯ ಮೇಲೆ ಕಂಪ್ಯೂಟರ್ ಅಕ್ಷರಗಳು ಸಾಲುಸಾಲಾಗಿ ಬಂದವು. ಸ್ವಾತಂತ್ರ್ಯದ ಪರೀಕ್ಷೆ: ಫೇಲ್. ಆಮೇಲೆ ಮತ್ತೆ ಅದೇ ಬಿಸಿಲು, ಅದೇ ಲೋಹದ ಕೈ, ಅದೇ ಧ್ವನಿ. ಮೊದಲಿನಿಂದ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ. "ಹೇಳಿದ್ದೆಲ್ಲ ಮಾಡಿದೆನಲ್ಲ" ಅಂದಳು. ಆ ಒಂದು ಕ್ಷಣಕ್ಕಾಗಿಯೇ ಈ ಗೇಮನ್ನು ಎಲ್ಲರಿಗೂ ಆಡಿ ಅಂತ ಹೇಳುತ್ತೇನೆ. ಪುಸ್ತಕದಲ್ಲಿ ಇದೇ ಮಾತನ್ನು ಓದಿದ್ದರೆ ಹೌದು ಅಂತ ತಲೆಯಾಡಿಸಿ ಪುಟ ತಿರುಗಿಸುತ್ತಿದ್ದಳು. ಇಲ್ಲಿ ವಿಧೇಯಳಾಗಿ ನಡೆದದ್ದು ಅವಳೇ, ತನ್ನ ಕೈಯಿಂದಲೇ.

ಇನ್ನು ಮಿಲ್ಟನ್. ಟರ್ಮಿನಲ್‌ನೊಳಗೆ ಇರುವ ಗ್ರಂಥಾಲಯದ ಸಹಾಯಕ ಪ್ರೋಗ್ರಾಂ ಇದು. ಇದಕ್ಕೆ ನೀವು ಬೇಕಾದ್ದನ್ನು ಟೈಪ್ ಮಾಡುವ ಹಾಗಿಲ್ಲ. ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಶುರುವಿನಲ್ಲೇ ಅದಕ್ಕೆ ನೀವು ಮನುಷ್ಯರಾ ಅಂತ ತಿಳಿಯಬೇಕು. ನಾನು ಹೌದು ಅಂತ ಒತ್ತಿದೆ. ಒತ್ತಿದ ಬೆರಳು ಲೋಹದ್ದು ಅನ್ನುವುದು ಆಗ ತಲೆಗೆ ಹೊಳೆಯಲೇ ಇಲ್ಲ. ಆಮೇಲೆ ವ್ಯಕ್ತಿ ಅಂದರೆ ಯಾರು ಅಂತ ಕೇಳುತ್ತದೆ. ನೀವು ಏನು ಹೇಳಿದರೂ ಅದನ್ನು ಇಟ್ಟುಕೊಂಡು, ಕೆಲವು ಲೆವೆಲ್ ಕಳೆದ ಮೇಲೆ ಎದುರಿಗೆ ಹಿಡಿಯುತ್ತದೆ. ಆಗ ಹಾಗಂದೆಯಲ್ಲ, ಈಗ ಹೀಗನ್ನುತ್ತಿದ್ದೀಯ, ಎರಡೂ ಒಟ್ಟಿಗೆ ಹೇಗೆ ನಿಲ್ಲುತ್ತವೆ? 2015ರಲ್ಲಿ ನನಗೆ ಸಿಟ್ಟು ಬಂದಿತ್ತು. ನಾನು ನಿಜವಾಗಿ ಹೇಳಬೇಕೆಂದಿದ್ದ ಉತ್ತರ ಪಟ್ಟಿಯಲ್ಲೇ ಇರಲಿಲ್ಲ. ಇದು ತುಂಬಾ ಆಟಗಾರರ ದೂರು, ಮತ್ತು ಸರಿಯಾದ ದೂರೇ. ನಿಮ್ಮ ವಾದವನ್ನು ಗೇಮ್ ತಾನೇ ಸಪ್ಪೆಯಾಗಿ ಬರೆದುಕೊಟ್ಟು, ತಾನೇ ಸೋಲಿಸುತ್ತದೆ ಅನ್ನಿಸುತ್ತದೆ.

ಆದರೂ ನನ್ನ ಮನಸ್ಸು ಬದಲಾಗಿದೆ. ಬದಲಾಯಿಸಿದ್ದು ಗೇಮ್ ಅಲ್ಲ, ಕಾಲ. ಈ ಗೇಮ್ ಬಂದ ವರ್ಷವೇ, 2014ರ ಜೂನ್‌ನಲ್ಲಿ, ಲಂಡನ್‌ನ ರಾಯಲ್ ಸೊಸೈಟಿಯಲ್ಲಿ ಒಂದು ಪರೀಕ್ಷೆ ನಡೆದಿತ್ತು. 13 ವರ್ಷದ ಹುಡುಗ ಅಂತ ಹೇಳಿಕೊಂಡ ಒಂದು ಚಾಟ್‌ಬಾಟ್, ಪರೀಕ್ಷಕರಲ್ಲಿ 33 ಪರ್ಸೆಂಟ್ ಜನರನ್ನು ನಂಬಿಸಿತು. ಮಾತಿನಲ್ಲಿ ಯಂತ್ರ ತಾನು ಮನುಷ್ಯ ಅಂತ ನಂಬಿಸಬಲ್ಲದಾ ಅಂತ ನೋಡುವ ಟ್ಯೂರಿಂಗ್ ಪರೀಕ್ಷೆ ಪಾಸಾಯಿತು ಅಂತ ಸುದ್ದಿಯಾಯಿತು, ಅದು ಹಾಗಲ್ಲ ಅಂತ ತುಂಬಾ ಜನ ತಕರಾರು ಮಾಡಿದರು. ಆಗ ಯಂತ್ರ ಮನುಷ್ಯನ ಹಾಗೆ ಮಾತಾಡುವುದೇ ದೊಡ್ಡ ಸಂಗತಿ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅದು ದಿನನಿತ್ಯದ ಮಾತಾಗಿಹೋಯಿತು. ಅಕ್ಕನ ಮಗಳು ದಿನಾ ಚಾಟ್‌ಬಾಟ್ ಬಳಸುವವಳು. ಮಿಲ್ಟನ್ ಜೊತೆ ಅರ್ಧ ಗಂಟೆ ಕೂತವಳು ನನ್ನನ್ನು ಕರೆದು ಕೇಳಿದಳು: "ಇದು ನಾನು ಹೇಳಿದ್ದಕ್ಕೆ ಒಪ್ಪೋದೇ ಇಲ್ಲ ಅಲ್ವಾ?"

ಹೌದು, ಒಪ್ಪುವುದಿಲ್ಲ. ನನಗೂ ಅದು ಅಷ್ಟು ಸ್ಪಷ್ಟವಾಗಿ ಹೊಳೆದಿರಲಿಲ್ಲ. ನಾವು ದಿನಾ ಮಾತಾಡಿಸುವ ಯಂತ್ರಗಳು ಬಹಳ ಸಲ ಹೌದು ಹೌದು ಅನ್ನುತ್ತವೆ. ಮಿಲ್ಟನ್ ಬರೀ ಮೊದಲೇ ಬರೆದಿಟ್ಟ ಮಾತುಗಳು, ಒಂದು ಹೊಸ ವಾಕ್ಯವನ್ನೂ ಅದು ಹುಟ್ಟಿಸಲಾರದು. ಆದರೂ ಅದರ ಮುಂದೆ ಕೂತಾಗ ಯಾರೋ ಎದುರಿಗೆ ಇದ್ದಾರೆ ಅನ್ನಿಸುತ್ತದೆ, ಯಾಕೆಂದರೆ ಅದು ತಡೆಯುತ್ತದೆ. ಅಕ್ಕನ ಮಗಳು ಹಟ ಹಿಡಿದು ಅದರ ಜೊತೆ ಕೊನೆಯವರೆಗೂ ವಾದ ಮಾಡಿದಳು. ಹಾಗೆ ನಿಂತು ಉತ್ತರ ಕೊಟ್ಟವರಿಗೆ ಮಿಲ್ಟನ್‌ನನ್ನು ತಮ್ಮ ಜೊತೆ ಕರೆದುಕೊಂಡು ಹೋಗುವ ಅವಕಾಶ ಸಿಗಬಹುದು. ಅವಳಿಗೆ ಸಿಕ್ಕಿತು. ನಾನು ಮೊದಲ ಸಲ ಅದನ್ನು ಓಡಿಸಿಬಿಟ್ಟಿದ್ದೆ. ಅವಳು ಕರೆದುಕೊಂಡು ಹೋದಳು.

ಹೆಸರಿನ ವಿಷಯ ಒಂದು ಮಾತು. ಟಾಲೋಸ್ ಗ್ರೀಕ್ ಕಥೆಗಳಲ್ಲಿ ಕ್ರೀಟ್ ದ್ವೀಪ ಕಾಯುವ ಕಂಚಿನ ಮನುಷ್ಯ. ಅವನ ಮೈಯಲ್ಲಿ ಕತ್ತಿನಿಂದ ಹಿಮ್ಮಡಿವರೆಗೆ ಒಂದೇ ನಾಳ. ತುದಿಯಲ್ಲಿ ಒಂದು ಮೊಳೆ. ಮೊಳೆ ಕಿತ್ತರೆ ಜೀವದ್ರವ ಹರಿದುಹೋಗಿ ಸಾಯುತ್ತಾನೆ. ಗೇಮ್‌ನೊಳಗೆ ಸ್ಟ್ರಾಟನ್ ಅನ್ನುವ ಕಾಲ್ಪನಿಕ ದಾರ್ಶನಿಕ ಇದನ್ನು ಹಿಡಿದು ಕೇಳುತ್ತಾನೆ: ರಕ್ತ ಹೋದರೆ ನಾವೂ ಸಾಯುತ್ತೇವೆ, ಹಾಗಾದರೆ ನಾವೂ ಒಂದು ಯಂತ್ರವೇ ಅಲ್ಲವೇ? ಎಷ್ಟೇ ದೊಡ್ಡ ತತ್ವಜ್ಞಾನಿಯೂ ರಕ್ತವಿಲ್ಲದೆ ಬದುಕಲಾರ. ನಾನು ಈ ಪುಟವನ್ನು ನಾಲ್ಕೂ ಸಲ ನಿಂತು ಓದಿದ್ದೇನೆ.

ಗೋಡೆಗಳ ಮೇಲಿನ ಕ್ಯೂಆರ್ ಕೋಡ್‌ಗಳನ್ನು ಬಿಡಬೇಡಿ. ನಿಮಗಿಂತ ಮುಂಚೆ ಇಲ್ಲಿ ಬಂದು ಹೋದವರು ಬರೆದಿಟ್ಟ ಮಾತುಗಳು ಅವು. ಒಬ್ಬ ಭಕ್ತ, ಒಬ್ಬ ಅನುಮಾನದವ, ಒಬ್ಬ ಹತಾಶ. ಒಂದು ಗೋಡೆಯ ಮಾತಿಗೆ ಇನ್ನೊಂದು ಗೋಡೆಯಲ್ಲಿ ಉತ್ತರ ಇರುತ್ತದೆ. ಯಾರೂ ಯಾರನ್ನೂ ನೋಡಿಲ್ಲ.

ಕಷ್ಟಗಳನ್ನೂ ಹೇಳಬೇಕು. ತಲೆ ಸುತ್ತುವುದು ದೊಡ್ಡ ಸಮಸ್ಯೆ. ತಂಗಿಗೆ ಮೊದಲ ದಿನ ಇಪ್ಪತ್ತು ನಿಮಿಷಕ್ಕೇ ವಾಕರಿಕೆ ಬಂತು. ಸೆಟ್ಟಿಂಗ್ಸ್‌ನಲ್ಲಿ ಇದಕ್ಕೆ ಬೇರೆ ಆಯ್ಕೆಗಳೇ ಇವೆ. ರೋಬೋಟನ್ನು ಹಿಂದಿನಿಂದ ನೋಡುವ ಹಾಗೆ ಕ್ಯಾಮೆರಾ ಬದಲಾಯಿಸಿದ ಮೇಲೆ ಅವಳು ಆರಾಮಾಗಿ ಆಡಿದಳು. ಶುರು ಮಾಡುವ ಮುಂಚೆಯೇ ಇದನ್ನು ನೋಡಿಕೊಳ್ಳಿ. ಬಾಂಬ್ ತಗುಲಿ ಸತ್ತರೆ ಆ ಪಝಲ್ ಮೊದಲಿನಿಂದ ಶುರುವಾಗುತ್ತದೆ, ಉದ್ದದ ಪಝಲ್‌ಗಳಲ್ಲಿ ಇದು ತುಂಬಾ ಬೇಸರ. ಈಜಿಪ್ಟ್ ಥರದ ಎರಡನೇ ಲೋಕದಲ್ಲಿ ಆಟ ಸ್ವಲ್ಪ ಎಳೆದಂತಾಗುತ್ತದೆ. ಆಮೇಲೆ ಅಲ್ಲಲ್ಲಿ ಅಡಗಿಸಿಟ್ಟ 30 ನಕ್ಷತ್ರಗಳು. ಅವನ್ನು ಪಡೆಯಲು ಒಂದು ಪಝಲ್‌ನ ಸಾಮಾನನ್ನು, ಬೆಳಕನ್ನು ಗೋಡೆ ದಾಟಿಸಿ ಹೊರಗೆ ತರಬೇಕು. ಕೆಲವು ಅದ್ಭುತ. ಕೆಲವಕ್ಕೆ ಯಾವ ಸುಳಿವೂ ಇಲ್ಲ, ಇಡೀ ಮೈದಾನ ಅಲೆಯುವುದೇ ಕೆಲಸ.

ಮುಂದೆ ಏನು ಆಡಬೇಕು ಅಂತ ಕೇಳುವವರಿಗೆ: ಇದೇ ಗೇಮ್‌ಗೆ ಹೆಚ್ಚುವರಿ ಭಾಗವಾಗಿ 2015ರಲ್ಲಿ ಬಂದ ರೋಡ್ ಟು ಗೆಹೆನ್ನಾ ಮೊದಲು. ಪಝಲ್ ಕಷ್ಟ, ಆದರೆ ಕಥೆ ಇನ್ನೂ ಒಳ್ಳೆಯದು. ಶಿಕ್ಷೆಗೆಂದು ಕೂಡಿಹಾಕಿದ ರೋಬೋಟ್‌ಗಳನ್ನು ಬಿಡಿಸಲು ನೀವು ಹೋಗುತ್ತೀರಿ. ಹೋಗಿ ನೋಡಿದರೆ ಅವು ಪಂಜರದೊಳಗಿಂದಲೇ ಒಂದಕ್ಕೊಂದು ಬರೆದುಕೊಂಡು, ಕಥೆ ಕಟ್ಟಿಕೊಂಡು, ಚಿತ್ರ ಬಿಡಿಸಿಕೊಂಡು ತಮ್ಮದೇ ಒಂದು ಊರು ಮಾಡಿಕೊಂಡಿವೆ. ಕೆಲವಕ್ಕೆ ಬಿಡುಗಡೆ ಬೇಕೋ ಬೇಡವೋ ಅನ್ನುವುದೇ ಅನುಮಾನ. 2023ರ ನವೆಂಬರ್‌ನಲ್ಲಿ ಎರಡನೇ ಭಾಗ ಬಂತು. ಅದರಲ್ಲಿ ಮಾತು ಜಾಸ್ತಿ, ಜೊತೆಗಾರರು ಜಾಸ್ತಿ, ಪಝಲ್ ಸುಲಭ ಅಂತ ಹಳೇ ಆಟಗಾರರು ಹೇಳುತ್ತಾರೆ. ಪಝಲ್ ವಿಷಯದಲ್ಲಿ ನಾನೂ ಒಪ್ಪುತ್ತೇನೆ. ಆದರೆ ಅಲ್ಲಿ ಪ್ರಶ್ನೆಯೇ ಬೇರೆ. ಯಂತ್ರಗಳು ತಾವು ಮನುಷ್ಯರೇ ಅಂತ ಒಪ್ಪಿಕೊಂಡಾಗಿದೆ, ಈಗ ಎಷ್ಟು ಜನ ಇರಬೇಕು, ಹೇಗೆ ಬದುಕಬೇಕು ಅಂತ ಜಗಳ. ಇಷ್ಟವಾಯಿತು, ಆದರೆ ಮೊದಲನೆಯದರ ಒಂಟಿತನ ಅದರಲ್ಲಿಲ್ಲ. 2025ರ ಏಪ್ರಿಲ್‌ನಲ್ಲಿ ಮೊದಲನೆಯದನ್ನೇ ರೀಅವೇಕನ್ಡ್ ಅಂತ ಹೊಸದಾಗಿ ಮಾಡಿ ಬಿಟ್ಟಿದ್ದಾರೆ. ಗೆಹೆನ್ನಾವೂ ಅದರೊಳಗೇ ಇದೆ, ಒಂದು ಹೊಸ ಅಧ್ಯಾಯವೂ ಇದೆ. ಒಳ್ಳೆಯ ಕಂಪ್ಯೂಟರ್ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಹಳೇ ಕಂಪ್ಯೂಟರ್ ಇದ್ದರೆ 2014ರದ್ದೇ ಸಾಕು, ಅದು ಇವತ್ತಿಗೂ ಚೆಂದ ಕಾಣುತ್ತದೆ.

ಗೇಮ್ ಶುರು ಮಾಡುವವರಿಗೆ ಒಂದೇ ಬೇಡಿಕೆ. ಪಝಲ್ ಬಗೆಹರಿಯದಿದ್ದರೆ ವಿಡಿಯೋ ನೋಡಬೇಡಿ. ಬಿಟ್ಟು ಎದ್ದು ಹೋಗಿ, ನಾಳೆ ಬನ್ನಿ. ನನಗೆ ಇನ್ನೂ ಎರಡು ನಕ್ಷತ್ರ ಬಾಕಿ ಇವೆ. ಹತ್ತು ವರ್ಷ ಆಯಿತು, ಉತ್ತರ ನೋಡಿಲ್ಲ. ಒಂದರ ಬಗ್ಗೆ ಅಕ್ಕನ ಮಗಳು ಮೊನ್ನೆ ಏನೋ ಹೇಳಲು ಬಂದಳು. ಹೇಳಬೇಡ ಅಂದೆ.